ದೀಪಾವಳಿ ಲೈಟು: ಒಂದು ಸಾಲು ಆ ಕಡೆ, ಇನ್ನೊಂದು ಈ ಕಡೆ ಓಡ್ತಿದೆ, ಮೇಲಾಗಿ ದೀಪ ಹಸಿರು

ಸಾಲುದೀಪ_ಮೈಸೂರು:
ಈ ಸಲ ಸೀರಿಯಲ್ ಸೆಟ್ ಬೇಡ ಅಂತ ಬಾಲ್ಕನಿ ಗ್ರಿಲ್ಲಿಗೆ 5 ವೋಲ್ಟಿನ ಡಬ್ಲ್ಯುಎಸ್2811 ಬುಲೆಟ್ ಪಿಕ್ಸೆಲ್ (ಒಂದೊಂದಕ್ಕೂ ಬೇರೆ ಬಣ್ಣ ಕೊಡಬಹುದಾದ ಪುಟ್ಟ ಎಲ್‌ಇಡಿ ದೀಪಗಳ ದಾರ) ಕಟ್ಟಿದೀನಿ, ಸಾಲಿಗೆ 50, ಒಟ್ಟು 5 ಸಾಲು, ನಡೆಸೋದು ಇಎಸ್‌ಪಿ32 ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡು, ಕೋಡು ಫಾಸ್ಟ್‌ಎಲ್‌ಇಡಿ ಲೈಬ್ರರೀಲಿ. ಅಮ್ಮ ಒಂದು ಹಣತೆಯಿಂದ ಇನ್ನೊಂದನ್ನ ಹಚ್ಕೊಂಡು ಹೋಗ್ತಾರಲ್ಲ, ಹಾಗೆ ಎಡಗಡೆಯಿಂದ ಒಂದು ಚುಕ್ಕಿ ಹೊರಟು ಮುಟ್ಟಿದ್ದೆಲ್ಲ ಹೊತ್ಕೊಂಡು ಸಣ್ಣಗೆ ನಡುಗ್ತಾ ಉರೀಬೇಕು, ಐದೂ ಸಾಲು ಒಟ್ಟಿಗೆ, ಇದು ನನ್ನ ಐಡಿಯಾ. ಆಗ್ತಿರೋದು ಏನಂದ್ರೆ 1, 3, 5 ಎಡದಿಂದ ಬಲಕ್ಕೆ, 2 ಮತ್ತೆ 4 ಉಲ್ಟಾ. ಕಿತ್ತಳೆ ಕೊಟ್ರೆ ಗಿಣಿ ಹಸಿರು ಬರ್ತಿದೆ, ಎದುರುಮನೆ ಅಜ್ಜಿ ಇದೇನಪ್ಪ ಹಾಗಲಕಾಯಿ ದೀಪ ಅಂದ್ರು. ಕೊನೇ ಸಾಲಿಗೆ ಬಿಳಿ ಕೊಟ್ರೆ ಕೆಂಪು ಕೆಂಪು. ಹಬ್ಬಕ್ಕೆ ನಾಲ್ಕೇ ದಿನ ಇದೆ.

ಬೆಸುಗೆ_ಭಟ್ರು:
ಹಸಿರು ಸುಲಭ. ಕೋಡಲ್ಲಿ ಜಿಆರ್‌ಬಿ (ಹಸಿರು, ಕೆಂಪು, ನೀಲಿ ಅನ್ನೋ ಬಣ್ಣದ ಕ್ರಮ) ಅಂತ ಇರತ್ತೆ ನೋಡಿ, ಡಬ್ಲ್ಯುಎಸ್2812ಬಿ ಸ್ಟ್ರಿಪ್ಪಿಗೆ ಅದು ಸರಿ, ಬುಲೆಟ್ ದಾರ ಸಾಮಾನ್ಯವಾಗಿ ಆರ್‌ಜಿಬಿ, ಅಂದ್ರೆ ಕೆಂಪು ಮೊದಲು. ನೀವು 255, 120, 20 ಕಳಿಸಿದ್ರೆ ಅಲ್ಲಿ 120, 255, 20 ಆಗಿ ಉರಿಯತ್ತೆ.
ಉಲ್ಟಾ ಯಾಕಂದ್ರೆ ನೀವು ಮೊದಲ ಸಾಲಿನ ಬಲತುದಿಯಿಂದಾನೇ ಎರಡನೇದಕ್ಕೆ ಡೇಟಾ ಇಳಿಸಿದೀರ, ಹಾವಿನ ಥರ. ವೈರ್ ಬಿಚ್ಚೋಕೆ ಹೋಗ್ಬೇಡಿ, ಲೆಕ್ಕದಲ್ಲೇ ತಿರುಗಿಸಿ. ಸಾಲು, ಕಾಲಂ ಎರಡೂ 0 ಇಂದ ಎಣಿಸಿ, ಸಾಲು ಬೆಸ ಇದ್ರೆ ಕಾಲಂ ಬದಲು 49 ಮೈನಸ್ ಕಾಲಂ ತಗೊಳ್ಳಿ, ಅದಕ್ಕೆ ಸಾಲು ಇಂಟು 50 ಸೇರಿಸಿ. ಎರಡನೇ ಸಾಲಿನ ಎಡತುದಿ ಹಾಗಾಗಿ 99ನೇ ಪಿಕ್ಸೆಲ್. ಇದನ್ನ ಒಂದು ಫಂಕ್ಷನ್ನಲ್ಲಿ ಇಟ್ಬಿಟ್ರೆ ಆಮೇಲೆ ಯಾವ ಪ್ಯಾಟರ್ನ್ ಬರೆದ್ರೂ ತಲೆಬಿಸಿ ಇಲ್ಲ.

ಧಾರವಾಡ_ಪೇಡಾ:
ಕೆಂಪಾಗೂದು ವೋಲ್ಟೇಜ್ ಡ್ರಾಪ್ ಐತ್ರಿ, ಅಂದ್ರ ವೈರಿನಾಗ ಹೋಗ್ತಾ ಹೋಗ್ತಾ ವೋಲ್ಟೇಜ್ ಕಮ್ಮಿ ಆಗೂದು. ಫುಲ್ ಬಿಳಿಗೆ ಒಂದಕ್ಕ 60 ಮಿಲಿಆಂಪ್ ಹಿಡದ್ರ 250ಕ್ಕ 15 ಆಂಪ್, ಅಷ್ಟೂ ಆ ನೂಲಿನಂಥಾ ವೈರಿನಾಗ ಹೆಂಗ ಹೋಗ್ತೈತಿ? ನೀಲಿ, ಹಸಿರಿಗೆ 3 ವೋಲ್ಟ್ ಹತ್ರ ಬೇಕು, ಕೆಂಪಿಗೆ 2 ಸಾಕು, ಅದಕ್ಕ ಅವೆರಡೂ ಮೊದಲ ಕೈ ಎತ್ತತಾವ. ಪ್ರತಿ ಸಾಲಿನ ಶುರುವಿಗೆ ಎಸ್‌ಎಂಪಿಎಸ್‌ನಿಂದ (5 ವೋಲ್ಟ್ ಕೊಡೂ ಪವರ್ ಸಪ್ಲೈ ಡಬ್ಬಿ) ದಪ್ಪ ವೈರ್ ಎಳದು ಪ್ಲಸ್, ಮೈನಸ್ ಎರಡೂ ಕೊಡ್ರಿ.

ಸಾಲುದೀಪ_ಮೈಸೂರು:
ಸೂಪರ್! ಮೀಟರ್ ಹಿಡಿದು ನೋಡಿದ್ರೆ ಶುರುವಲ್ಲಿ 4.9, ಕೊನೇಲಿ 3.4 ಇತ್ತು, ಈಗ ಎಲ್ಲಾ ಕಡೆ 4.7 ಮೇಲೇ ಇದೆ. ಆದ್ರೆ ಮಧ್ಯೆ ಮಧ್ಯೆ ಎಲ್ಲೆಲ್ಲೋ ನೀಲಿ ಮಿಂಚು ಹೊಡೀತಿದೆ, ಮತ್ತೆ ನಡುಗೋ ದೀಪ ದೀಪದ ಥರ ಇಲ್ಲ, ಆರ್ಕೆಸ್ಟ್ರಾ ಸ್ಟೇಜ್ ಥರ ಇದೆ.

ಬೆಸುಗೆ_ಭಟ್ರು:
ಮಿಂಚು ಡೇಟಾ ಸಮಸ್ಯೆ. ಇಎಸ್‌ಪಿ32 ಕೊಡೋ ಡೇಟಾ ಸಿಗ್ನಲ್ 3.3 ವೋಲ್ಟ್, 5 ವೋಲ್ಟಿನ ಪಿಕ್ಸೆಲ್ಲಿಗೆ ಸುಮಾರು 3.5 ಆದ್ರೂ ಬೇಕು. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಬರೋರು ಯಾರಾದ್ರೂ ಇದ್ರೆ 74ಎಎಚ್‌ಸಿಟಿ125 (ಸಿಗ್ನಲ್ಲನ್ನ 5 ವೋಲ್ಟಿಗೆ ಏರಿಸೋ ಚಿಪ್) ತರಿಸ್ಕೊಳ್ಳಿ. ಅಲ್ಲೀವರೆಗೆ ಬೋರ್ಡನ್ನ ಮೊದಲ ಪಿಕ್ಸೆಲ್ ಪಕ್ಕದಲ್ಲೇ ಇಡಿ, ಎಸ್‌ಎಂಪಿಎಸ್ ಮೈನಸ್ಸೂ ಬೋರ್ಡ್ ಗ್ರೌಂಡೂ ಸೇರಿದೆಯಾ ನೋಡಿ, ನಾನೇ ಎರಡು ಸಲ ಮರೆತಿದೀನಿ.
ದೀಪಕ್ಕೆ ಪ್ರತಿ ಫ್ರೇಮಿಗೂ ರ‍್ಯಾಂಡಮ್ ಹಾಕಿದ್ರೆ ಡಿಸ್ಕೋನೇ ಆಗೋದು. ಪ್ರತಿ ಪಿಕ್ಸೆಲ್ಲಿಗೂ ಒಂದು ಗುರಿ ಬ್ರೈಟ್‌ನೆಸ್ ಇಟ್ಕೊಳ್ಳಿ, 100 ರಿಂದ 200 ಒಳಗೆ, ಇರೋ ಬೆಳಕು ನಿಧಾನಕ್ಕೆ ಅದರ ಕಡೆ ಜಾರಲಿ, ಮುಟ್ಟಿದ ಮೇಲೆ ಹೊಸ ಗುರಿ. ಒಂದೊಂದಕ್ಕೂ ಬೇರೆ ಬೇರೆ ವೇಗ ಇರ್ಬೇಕು, ಇಲ್ಲಾಂದ್ರೆ 250 ಹಣತೆಗೂ ಒಂದೇ ಗಾಳಿ ಬೀಸಿದ ಹಾಗಿರತ್ತೆ. ಕೋಡನ್ನೇ ನಿಲ್ಲಿಸಿ ಕಾಯಿಸೋ ಡಿಲೇ ಬೇಡ, ಎಷ್ಟು ಹೊತ್ತಾಯ್ತು ಅಂತ ಹೇಳೋ ಮಿಲ್ಲಿಸ್ ನೋಡ್ಕೊಂಡು ಬರೀರಿ.

ಸಾಲುದೀಪ_ಮೈಸೂರು:
ಗ್ರೌಂಡೇ ಸೇರಿಸಿರ್ಲಿಲ್ಲ 🙈 ಮಿಂಚು ಮುಕ್ಕಾಲು ಹೋಯ್ತು, ಚಿಪ್ ಶನಿವಾರ ಬರತ್ತೆ. ದೀಪ ಈಗ ನಿಜವಾಗ್ಲೂ ದೀಪ. ಮೂರನೇ ಸಾಲಲ್ಲಿ ಒಂದರ ನೀಲಿ ಸತ್ತಿದೆ, ಕಿತ್ತಳೆಗೆ ನೀಲಿ ಬೇಕಾಗೋದೇ ಚೂರು ಅಂತ ಹಾಗೇ ಬಿಟ್ಟಿದೀನಿ.