ವೃಷಭಾವತಿಯನ್ನು ಶುದ್ಧಗೊಳಿಸುವ ಕೆಲಸ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ – ಕೆಂಗೇರಿ ನಿವಾಸಿ

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆಂದು ಹಿರಿಯರು ನಂಬಿಕೊಂಡು ಬಂದಿರುವ ವೃಷಭಾವತಿ, ಗಾಳಿ ಆಂಜನೇಯ ದೇವಸ್ಥಾನದ ಪಕ್ಕದಿಂದ ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾದು ಬಿಡದಿ ಬಳಿಯ ಬೈರಮಂಗಲ ಕೆರೆ ಮುಟ್ಟುವಾಗ ನೊರೆ ತುಂಬಿದ ಕಪ್ಪು ನೀರಾಗಿರುತ್ತಾಳೆ. ಮೈಸೂರು ರಸ್ತೆಯಲ್ಲಿ ಸಂಸ್ಕರಣಾ ಘಟಕವಿದ್ದು ದಶಕಗಳೇ ಕಳೆದಿವೆ. ಆದರೂ ನದಿ ಏಕೆ ತಿಳಿಯಾಗಿಲ್ಲ? ಅಹಮದಾಬಾದಿನ ಸಾಬರಮತಿಯಂತೆ ದಂಡೆ ಕಟ್ಟಿದರೆ ಪರಿಹಾರ ಸಿಗಬಹುದೇ? ನಿವಾಸಿಗಳಾದ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ – ನಿವೃತ್ತ ಒಳಚರಂಡಿ ಎಂಜಿನಿಯರ್

ಘಟಕ ಎಷ್ಟೇ ದೊಡ್ಡದಿರಲಿ, ತನ್ನ ಬಾಗಿಲಿಗೆ ಬಂದ ಕೊಳಚೆಯನ್ನಷ್ಟೇ ಅದು ಶುದ್ಧಗೊಳಿಸಬಲ್ಲದು. ನಮ್ಮಲ್ಲಿ ಮಳೆನೀರಿಗಾಗಿ ಇರುವ ರಾಜಕಾಲುವೆಗಳಿಗೆ ಮನೆಗಳ, ಅಪಾರ್ಟ್‌ಮೆಂಟ್‌ಗಳ ಮತ್ತು ಸಣ್ಣ ಕಾರ್ಖಾನೆಗಳ ಕೊಳವೆಗಳು ಸೇರಿಕೊಂಡಿರುವುದರಿಂದ, ಕೊಳಚೆಯ ದೊಡ್ಡ ಪಾಲು ಒಳಚರಂಡಿಯನ್ನು ಕಾಣದೆಯೇ ನೇರವಾಗಿ ನದಿಗೆ ಇಳಿಯುತ್ತದೆ. ಆದ್ದರಿಂದ ಕೆಲಸ ನದಿಯ ದಂಡೆಯಲ್ಲಲ್ಲ, ಬೀದಿಬೀದಿಯ ಸಂಪರ್ಕಗಳಲ್ಲಿ ಆರಂಭವಾಗಬೇಕು. ಪೀಣ್ಯದ ಲೋಹಲೇಪನ ಘಟಕಗಳಿಂದ ಬರುವ ಕ್ರೋಮಿಯಂನಂತಹ ಲೋಹಗಳ ವಿಷಯ ಇನ್ನೂ ಗಂಭೀರ. ಮನೆಯ ಕೊಳಚೆಗೆಂದು ಕಟ್ಟಿದ ಘಟಕದ ಬ್ಯಾಕ್ಟೀರಿಯಾಗಳು ಸಾವಯವ ಕಶ್ಮಲವನ್ನು ತಿನ್ನುತ್ತವೆಯೇ ಹೊರತು ಲೋಹವನ್ನು ಇಲ್ಲವಾಗಿಸಲಾರವು. ಅದು ಕೆಸರಿನಲ್ಲಿ ಉಳಿಯುತ್ತದೆ ಇಲ್ಲವೇ ನೀರಿನೊಂದಿಗೆ ಮುಂದೆ ಹೋಗುತ್ತದೆ. ಅದನ್ನು ಕಾರ್ಖಾನೆಯ ಆವರಣದೊಳಗೇ ತಡೆಯದೆ ಬೇರೆ ದಾರಿಯಿಲ್ಲ.

ಉತ್ತರ – ನಗರ ಯೋಜನೆಯ ವಿದ್ಯಾರ್ಥಿ

ಸಾಬರಮತಿಯ ಉದಾಹರಣೆಯನ್ನು ಎಚ್ಚರದಿಂದ ನೋಡಬೇಕು. ನಗರದೊಳಗಿನ ದಂಡೆಗಳ ನಡುವೆ ಕಾಣುವುದು ಬಹುಮಟ್ಟಿಗೆ ಕಾಲುವೆಯಿಂದ ಬಿಟ್ಟ ನರ್ಮದೆಯ ನೀರು. ವಾಸಣಾ ಬ್ಯಾರೇಜಿನ ಕೆಳಗೆ ಸಾಬರಮತಿ ಸೇರುತ್ತಿದ್ದ ತ್ಯಾಜ್ಯದ ಬಗ್ಗೆ ಗುಜರಾತ್ ಹೈಕೋರ್ಟ್ 2021ರಲ್ಲಿ ಸ್ವಯಂಪ್ರೇರಿತ ವಿಚಾರಣೆ ಕೈಗೊಳ್ಳಬೇಕಾಯಿತು. ಲಂಡನ್ನಿನ ಥೇಮ್ಸ್ ಕೂಡ ಇದನ್ನೇ ಹೇಳುತ್ತದೆ. 1858ರ ಬೇಸಿಗೆಯ ದುರ್ನಾತ ಸಂಸತ್ತನ್ನೇ ಕಂಗೆಡಿಸಿದ ಮೇಲೆ ಜೋಸೆಫ್ ಬ್ಯಾಜಲ್ಗೆಟ್ ಕಟ್ಟಿಸಿದ ಮಹಾ ಒಳಚರಂಡಿ ಜಾಲ ನಗರವನ್ನು ಕಾಲರಾದಿಂದ ಕಾಪಾಡಿತು, ನಿಜ. ಆದರೆ ಕೊಳಚೆಯನ್ನು ಸಂಸ್ಕರಿಸದೆ ನಗರದ ಕೆಳಗೆ ಸಾಗಿಸಿತಷ್ಟೇ. ಅದೇ ನದಿಯ ಲಂಡನ್ ಭಾಗವನ್ನು 1957ರಲ್ಲಿ ಜೈವಿಕವಾಗಿ ಸತ್ತಿದೆ ಎಂದು ಘೋಷಿಸಲಾಯಿತು. ಮೀನುಗಳು ಮರಳಿದ್ದು, ಸಂಸ್ಕರಣಾ ಘಟಕಗಳನ್ನು ವಿಸ್ತರಿಸಿ ಸುಧಾರಿಸಿದ ಮೇಲೆ.

ಉತ್ತರ – ಬೈರಮಂಗಲದ ಕೃಷಿಕ

ಕೊಳಚೆಯನ್ನು ಕೆಳಗೆ ಸಾಗಿಸಿದರೆ ಅದು ಬಂದು ಬೀಳುವ ಊರು ನಮ್ಮದು. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಈ ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದವರು ಇಂದು ಮೇವಿನ ಹುಲ್ಲು, ಹಿಪ್ಪುನೇರಳೆ, ತೆಂಗು ನೆಚ್ಚಿಕೊಂಡಿದ್ದಾರೆ, ಬಾವಿಯ ನೀರನ್ನು ಬಾಯಿಗಿಡಲು ಹೆದರುತ್ತಾರೆ. ಆದರೂ ನೀರನ್ನೇ ತಿರುಗಿಸಿಬಿಡಿ ಎಂದು ನಾವು ಕೇಳುವುದಿಲ್ಲ. ಬೇಸಿಗೆಯಲ್ಲಿ ಈ ನದಿಯಲ್ಲಿ ಹರಿಯುವುದು ಬೆಂಗಳೂರು ಬಳಸಿ ಬಿಟ್ಟ ನೀರೇ, ಅದರ ಬಹುಪಾಲು ಕಾವೇರಿಯದೇ. ಅದನ್ನು ಚೆನ್ನಾಗಿ ಸಂಸ್ಕರಿಸಿ ಹೊಳೆಗೇ ಬಿಡಬೇಕು. ಶುದ್ಧವಾದ ನೀರನ್ನೆಲ್ಲ ಪಂಪು ಮಾಡಿ ಬೇರೆ ಕಡೆಯ ಕೆರೆಗಳಿಗೆ ಒಯ್ದು, ಉಳಿದ ಕೊಳಕನ್ನು ಮಾತ್ರ ನಮಗೆ ಬಿಟ್ಟರೆ ಅದು ನ್ಯಾಯವಲ್ಲ. ಇಲ್ಲಿಂದ ಮುಂದೆ ಈ ನೀರು ಅರ್ಕಾವತಿಯ ಮೂಲಕ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ ಎಂಬುದನ್ನೂ ನೆನಪಿಡಬೇಕು.

ಉತ್ತರ – ನಿವೃತ್ತ ಒಳಚರಂಡಿ ಎಂಜಿನಿಯರ್

ಕೃಷಿಕರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಿವಾಸಿಗಳು ಏನು ಮಾಡಬಹುದು ಎಂಬ ಪ್ರಶ್ನೆ ಉಳಿದಿದೆ. ಕೆಲವು ವಾರ ಮಳೆಯಿಲ್ಲದ ಮಾರ್ಚ್ ತಿಂಗಳಲ್ಲಿ ನಿಮ್ಮ ಬಡಾವಣೆಯ ರಾಜಕಾಲುವೆಯ ಉದ್ದಕ್ಕೂ ನಡೆದು ನೋಡಿ; ಆಗಲೂ ನೀರು ಸುರಿಯುವ ಕೊಳವೆ ಕಂಡರೆ ಅದು ಮಳೆಯ ನೀರಾಗಿರಲು ಸಾಧ್ಯವಿಲ್ಲ. ಅಂತಹ ಪ್ರತಿಯೊಂದರ ಚಿತ್ರ ಮತ್ತು ಸ್ಥಳವನ್ನು ದಾಖಲಿಸಿ, ಜಲಮಂಡಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಯಾವ ಮನೆಯದೆಂದು ತಿಳಿಯದಿದ್ದರೆ ಶೌಚಾಲಯದಲ್ಲಿ ನಿರಪಾಯಕಾರಿ ಬಣ್ಣ ಬಿಟ್ಟು ಪತ್ತೆಹಚ್ಚುವ ವಿಧಾನವಿದೆ, ಅದನ್ನು ಮಾಡಿಸುವಂತೆ ಕೇಳಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಪಟ್ಟಿಯನ್ನು ಹಿಡಿದು ಮತ್ತೆ ನಡೆಯಿರಿ, ಏಕೆಂದರೆ ಮುಚ್ಚಿದ ಕೊಳವೆಯ ಪಕ್ಕದಲ್ಲಿ ಹೊಸದೊಂದು ಬರುವುದು ಅಪರೂಪವಲ್ಲ.