ಸಹಾಯ ಬೇಕು: ಪುಟವಿನ್ಯಾಸದ ಕೆಲಸಕ್ಕೆ ಟೈಲಿಂಗ್ ವಿಂಡೋ ಮ್ಯಾನೇಜರ್ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಉಡುಪಿಯ ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸ ಮಾಡುವ ಮತ್ತು ಕರಡು ತಿದ್ದುವ ನಾನು ಲಿನಕ್ಸ್‌ನಲ್ಲಿ ಈವರೆಗೆ ಓಪನ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರ್ (ಪರದೆಯ ಮೇಲೆ ವಿಂಡೋಗಳನ್ನು ಇರಿಸಿ ನಿರ್ವಹಿಸುವ ತಂತ್ರಾಂಶ) ಬಳಸುತ್ತಿದ್ದೇನೆ. ವಿಂಡೋಗಳನ್ನು ಬೇಕಾದಲ್ಲಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಅದರಲ್ಲಿದೆಯಾದರೂ, ಹಸ್ತಪ್ರತಿಯ ಸ್ಕ್ಯಾನ್ ಮತ್ತು ಲಿಬ್ರೆಆಫೀಸ್ ಕಡತವನ್ನು ಸಾಲು ಸಾಲಾಗಿ ಹೋಲಿಸುವಾಗ, ಒಂದರ ಮೇಲೊಂದು ಬಂದು ಕೂರುವ ವಿಂಡೋಗಳನ್ನು ಮೌಸ್‌ನಿಂದ ಸರಿಸುವುದರಲ್ಲೇ ಗಮನ ಚದುರುತ್ತದೆ.

ಆದ್ದರಿಂದ ವಿಂಡೋಗಳನ್ನು ಹೆಂಚಿನಂತೆ ಪಕ್ಕಪಕ್ಕ ಜೋಡಿಸುವ ಟೈಲಿಂಗ್ ವಿಂಡೋ ಮ್ಯಾನೇಜರ್ ಆದ ಐ3 ಬಳಸಿ ನೋಡಿದೆ. ತೆರೆದ ವಿಂಡೋಗಳು ತಾವಾಗಿಯೇ ಪರದೆಯನ್ನು ಹಂಚಿಕೊಳ್ಳುವುದು, ಕೀಲಿಮಣೆಯಿಂದ ಕೈ ತೆಗೆಯದೆಯೇ ವರ್ಕ್‌ಸ್ಪೇಸ್ (ವಿಂಡೋಗಳನ್ನು ಗುಂಪಾಗಿ ಇಡುವ ಪ್ರತ್ಯೇಕ ಪರದೆ) ಬದಲಿಸಬಹುದಾಗಿರುವುದು ಕರಡು ತಿದ್ದುವವರಿಗೆ ನಿಜಕ್ಕೂ ದೊಡ್ಡ ಅನುಕೂಲ. ಆದರೆ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಪುಟ ಜೋಡಿಸುತ್ತಿರುವಾಗ ಚಿತ್ರ ತಿದ್ದುವ ಗಿಂಪ್ ತೆರೆದೊಡನೆ ಪುಟದ ಜಾಗ ಅರ್ಧಕ್ಕಿಳಿಯುತ್ತದೆ. ಇಡೀ ಪುಟ ಕಾಣುವಂತೆ ಕುಗ್ಗಿಸಿದರೆ ಒತ್ತಕ್ಷರಗಳು ಓದಲಾಗದಷ್ಟು ಚಿಕ್ಕದಾಗುತ್ತವೆ. ಮಾಡ್ ಕೀಲಿಯೊಂದಿಗೆ (ಐ3ಗೆಂದು ಆರಿಸಿಕೊಂಡ ಆಲ್ಟ್ ಅಥವಾ ವಿಂಡೋಸ್ ಕೀಲಿ) ಶಿಫ್ಟ್ ಮತ್ತು ಸ್ಪೇಸ್ ಒತ್ತಿ ವಿಂಡೋವನ್ನು ತೇಲಿಸಬಹುದು, ಅಂದರೆ ಜೋಡಣೆಯಿಂದ ಬಿಡಿಸಿ ಇತರ ವಿಂಡೋಗಳ ಮೇಲೆ ಇಡಬಹುದು ನಿಜ, ಆದರೆ ಪ್ರತಿ ಸಲ ಹಾಗೆ ಮಾಡುವುದಕ್ಕಿಂತ ಐ3ಯ ಕಾನ್ಫಿಗ್ (ಹೊಂದಿಕೆಗಳ) ಕಡತದಲ್ಲೇ ನಿಯಮ ಬರೆದಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಂಥ ಕೆಲಸಕ್ಕೆ ಐ3 ಬಳಸುತ್ತಿರುವವರು ದಯವಿಟ್ಟು ತಿಳಿಸಿ: ಗಿಂಪನ್ನು ಸದಾ ತೇಲಿಸಿಡುವುದು ಒಳಿತೋ, ಅಥವಾ ಸ್ಕ್ರೈಬಸ್, ಗಿಂಪ್ ಎರಡಕ್ಕೂ ಒಂದು ವರ್ಕ್‌ಸ್ಪೇಸ್ ಮೀಸಲಿಟ್ಟು ಟ್ಯಾಬ್ ವಿನ್ಯಾಸದಲ್ಲಿ (ಒಂದು ಸಲಕ್ಕೆ ಒಂದೇ ವಿಂಡೋ ಪೂರ್ತಿ ಕಾಣುವಂತೆ) ಇಡುವುದೋ? ನಿಮ್ಮ ಕಾನ್ಫಿಗ್ ಕಡತದ ಆ ಸಾಲುಗಳನ್ನು ಹಂಚಿಕೊಂಡರೆ ಬಹಳ ಉಪಕಾರವಾಗುತ್ತದೆ.