ಸಹಾಯ ಬೇಕು: ಮಂಡಿ ನೋವಿರೋ ಅಮ್ಮನ್ನ ವಾಟ್ಕಿನ್ಸ್ ಗ್ಲೆನ್‌ಗೆ ಕರ್ಕೊಂಡು ಹೋಗೋದು ಹೇಗೆ?

ಎಲ್ರಿಗೂ ನಮಸ್ಕಾರ. ಅಪ್ಪ ಅಮ್ಮ ಮೈಸೂರಿಂದ ಬಂದಿದಾರೆ, ಮುಂದಿನ ಶನಿವಾರ ನ್ಯೂಜೆರ್ಸಿಯಿಂದ ನ್ಯೂಯಾರ್ಕ್‌ನ ವಾಟ್ಕಿನ್ಸ್ ಗ್ಲೆನ್ ಸ್ಟೇಟ್ ಪಾರ್ಕಿಗೆ ಹೊರಟಿದೀವಿ. ಅಲ್ಲಿನ ಗಾರ್ಜ್ ಟ್ರೇಲ್‌ನಲ್ಲಿ (ಕಿರಿದಾದ ಕಣಿವೆಯೊಳಗೆ ನಡ್ಕೊಂಡು ಹೋಗೋ ದಾರಿ) 19 ಫಾಲ್ಸ್ ಇದೆ ಅಂತ ಅಮ್ಮನಿಗೆ ಫೋಟೋ ತೋರಿಸಿದ್ದೇ ತೋರಿಸಿದ್ದು, ಆಮೇಲೆ ನೋಡಿದ್ರೆ 832 ಕಲ್ಲಿನ ಮೆಟ್ಟಿಲಂತೆ! ಒಂದು ಕಾಲದಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಬರಿಗಾಲಲ್ಲಿ ಹತ್ತಿದವರು, ಈಗ ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲಲ್ಲೇ ಕಂಬಿ ಹಿಡ್ಕೊಂಡು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಂತು ಆಮೇಲೆ ಮುಂದಿನದಕ್ಕೆ ಹೋಗ್ತಾರೆ. ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ನೋವು. ಮಂಡಿ ಬೆಲ್ಟ್, ವಾಕಿಂಗ್ ಸ್ಟಿಕ್ ತಗೊಂಡಾಯ್ತು, ದಿನಾ ಸಂಜೆ ಅರ್ಧ ಗಂಟೆ ವಾಕ್ ಮಾಡಿಸ್ತಿದೀನಿ, ಪಾರ್ಕಿನ ಮ್ಯಾಪೂ ಹತ್ತು ಸಲ ನೋಡಿದೆ.

ಕನ್ಫ್ಯೂಷನ್ ಇರೋದು ಇಲ್ಲೇ. ಮೇನ್ ಎಂಟ್ರೆನ್ಸಿಂದ ಹೋದ್ರೆ ಪೂರ್ತಿ ಹತ್ತಬೇಕು, ಅಪ್ಪರ್ ಎಂಟ್ರೆನ್ಸಿಂದ ಬಂದ್ರೆ ಇಳಿಜಾರು, ಮೊದಲಿಗೇ ಜೇಕಬ್ಸ್ ಲ್ಯಾಡರ್ ಅನ್ನೋ ಉದ್ದದ ಮೆಟ್ಟಿಲ ಸಾಲಿನ 180 ಮೆಟ್ಟಿಲು ಇಳೀಬೇಕು, ಕೆಳಗಿನ ಟ್ರೇಲ್‌ನಲ್ಲಿ ನೀರು ಬಿದ್ದು ಕಲ್ಲು ಒದ್ದೆ ಇರತ್ತೆ ಬೇರೆ. ಮಧ್ಯದಲ್ಲಿ ಸೌತ್ ಎಂಟ್ರೆನ್ಸ್ ಒಂದಿದೆ. ಅಮ್ಮನಿಗೆ ಆ 19ರಲ್ಲಿ ರೇನ್‌ಬೋ ಫಾಲ್ಸ್ ಒಂದು ತೋರಿಸಿದ್ರೂ ನನಗೆ ಸಾಕು.

ವಯಸ್ಸಾದವರನ್ನ ಕರ್ಕೊಂಡು ಹೋದವರು ದಯವಿಟ್ಟು ಹೇಳಿ: ಕಮ್ಮಿ ಮೆಟ್ಟಿಲಲ್ಲಿ ರೇನ್‌ಬೋ ಫಾಲ್ಸ್ ನೋಡಿ ವಾಪಸ್ ಬರೋಕೆ ಯಾವ ಎಂಟ್ರೆನ್ಸ್ ಒಳ್ಳೇದು?